ಮೂರು ಕಾರ್ಡ್, ಹದಿನಾರು ಬಾರ್: ‘ಐ ಸಾ ದ ಲೈಟ್’ ಹಾಡುವುದು ಹೇಗೆ?

ಪ್ರಶ್ನೆ: ಸ್ನೇಹಿತರು, ಮನೆಯವರು ಸೇರಿ ನಾವು ಏಳು ಜನ. ಡಿಸೆಂಬರಿನ ಒಂದು ಕೂಟದಲ್ಲಿ ಅಮೆರಿಕದ ಕಂಟ್ರಿ ಸಂಗೀತದ ಗಾಯಕ ಹ್ಯಾಂಕ್ ವಿಲಿಯಮ್ಸ್ ಅವರ ‘ಐ ಸಾ ದ ಲೈಟ್’ (ಬೆಳಕು ಕಂಡೆ) ಹಾಡಬೇಕೆಂದಿದ್ದೇವೆ. ಎರಡು ಗಿಟಾರ್, ಒಂದು ಕೀಬೋರ್ಡ್, ಒಂದು ಢೋಲಕ್ ಇದೆ. ಇರುವುದು ಮೂರೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಎರಡು ದಿನದಲ್ಲಿ ಕೈಗೆ ಕೂತಿತು. ಆದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಶಿಶುವಿಹಾರದ ಪದ್ಯದಂತಿದೆ. ಮೂಲದಲ್ಲಿರುವ ಕಸುವು ನಮ್ಮದರಲ್ಲಿ ಯಾಕೆ ಇಲ್ಲ? ನಮ್ಮಲ್ಲಿ ನಾಲ್ವರು ಕ್ರೈಸ್ತರಲ್ಲ, ಯಾವ ಭಾವದಲ್ಲಿ ಹಾಡಬೇಕು? ಒಂದು ಚರಣವನ್ನು ಕನ್ನಡಕ್ಕೆ ತರಬಹುದೇ?

ಉತ್ತರ: ನಿಮ್ಮ ರೆಕಾರ್ಡಿಂಗ್ ಕೇಳದೆಯೇ ಒಂದು ಮಾತು ಹೇಳಬಹುದು. ಏಳು ಜನರೂ ಮೊದಲ ಸಾಲಿನಿಂದಲೇ ಒಟ್ಟಿಗೆ ಹಾಡುತ್ತಿದ್ದೀರಿ. ಈ ಹಾಡನ್ನು ಎತ್ತಿಕೊಳ್ಳುವ ಹವ್ಯಾಸಿ ತಂಡಗಳಲ್ಲಿ ಹತ್ತಕ್ಕೆ ಎಂಟು ಎಡವುವುದು ಇಲ್ಲೇ. ಹಾಡು ಕಟ್ಟಿರುವ ರೀತಿ ನೋಡಿದರೆ ಕಾರಣ ತಿಳಿಯುತ್ತದೆ.

ಹಾಡಿನಲ್ಲಿ ಮೂರು ಚರಣ, ಪ್ರತಿ ಚರಣದ ನಂತರ ಒಂದೇ ಪಲ್ಲವಿ. ಚರಣಕ್ಕೂ ಪಲ್ಲವಿಗೂ ಕಾರ್ಡುಗಳ ದಾರಿ ಒಂದೇ, ಕೊನೆಯ ಸಾಲೂ ಒಂದೇ. ಅಂದರೆ ಕತ್ತಲಲ್ಲಿ ಅಲೆಯುವವನ ಮಾತು, ಬೆಳಕು ಕಂಡವನ ಮಾತು ಎರಡೂ ಒಂದೇ ಅಚ್ಚಿನಲ್ಲಿ ಬರುತ್ತವೆ. ಪಲ್ಲವಿಗೆ ಸ್ವರ ಮೇಲೇರಿಸಿ ‘ಈಗ ಬಿಡುಗಡೆಯಾಯಿತು’ ಎಂದು ಸಾರುವ ಉಪಾಯವನ್ನು ಹ್ಯಾಂಕ್ ಬಳಸಿಯೇ ಇಲ್ಲ. ಬದಲಾವಣೆ ಬರಬೇಕಾದದ್ದು ಕೊರಳುಗಳ ಸಂಖ್ಯೆಯಿಂದ: ಚರಣದಲ್ಲಿ ಒಬ್ಬ, ಪಲ್ಲವಿಯಲ್ಲಿ ಜೊತೆಗಾರರು. ಎಲ್ಲರೂ ಮೊದಲಿನಿಂದ ಹಾಡಿದರೆ ಒಂದೇ 16 ಬಾರುಗಳು (ನಾಲ್ಕೆಣಿಕೆಯ ತುಂಡುಗಳು) ಆರು ಸಲ ತಿರುಗಿದಂತಾಗುತ್ತದೆ. ಶಿಶುವಿಹಾರದ ಪದ್ಯವೆಂದರೆ ಅದೇ ತಾನೆ.

ನಮ್ಮ ಕಿವಿಗೆ ಇನ್ನೊಂದು ಎಡವಟ್ಟಿದೆ. ದೇವರನಾಮ, ಭಾವಗೀತೆ ಕೇಳಿ ಬೆಳೆದವರಿಗೆ ಪಲ್ಲವಿ ಎತ್ತಿಕೊಂಡು ಶುರುಮಾಡುವುದು ಸಹಜ. ಇಲ್ಲಿ ಹಾಗೆ ಮಾಡಬೇಡಿ. ಚರಣದಲ್ಲಿ ಕತ್ತಲನ್ನು ತೋರಿಸುವ ಮೊದಲೇ ಬೆಳಕು ಬಂದುಬಿಟ್ಟರೆ ಆಮೇಲೆ ಹೇಳಲು ಏನೂ ಉಳಿಯುವುದಿಲ್ಲ.

ಮೊದಲು ಸಾಹಿತ್ಯವನ್ನು ಒಮ್ಮೆ ಗಟ್ಟಿಯಾಗಿ ಓದಿ, ರಾಗವಿಲ್ಲದೆ. ಒಂದನೇ ಚರಣದಲ್ಲಿ ಗುರಿಯಿಲ್ಲದೆ ಅಲೆದವನು, ರಕ್ಷಕನನ್ನು ಒಳಗೆ ಬಿಟ್ಟುಕೊಳ್ಳದವನು. ಅವನ ಬಳಿ ಯೇಸು ರಾತ್ರಿಯಲ್ಲಿ ಅಪರಿಚಿತನಂತೆ ಬರುತ್ತಾನೆ. ಎರಡನೆಯದರಲ್ಲಿ ಕುರುಡನಂತೆ ಅಲೆದವನು, ಚಿಂತೆ ಭಯಗಳನ್ನು ತನ್ನ ಸ್ವಂತ ಆಸ್ತಿಯೆಂದುಕೊಂಡವನು. ಮೂರನೆಯದರಲ್ಲಿ ಅಲೆದದ್ದು ಮೂರ್ಖತನವೆಂದು ಒಪ್ಪಿಕೊಂಡವನು, ತಪ್ಪನ್ನು ಕೊಟ್ಟು ಸರಿಯನ್ನು ಪಡೆದವನು. ‘ಅಲೆ’ ಎಂಬರ್ಥದ ಇಂಗ್ಲಿಷ್ ಕ್ರಿಯಾಪದ ಮೂರು ಚರಣಗಳಲ್ಲೂ ಒಂದೊಂದು ಸಲ ಬರುತ್ತದೆ, ಪಲ್ಲವಿಯಲ್ಲಿ ಒಮ್ಮೆಯೂ ಇಲ್ಲ. ಮೂರೂ ಚರಣಗಳ ಮೂರನೇ ಸಾಲು ‘ಲೈಟ್’ಗೆ ಪ್ರಾಸವಾಗುವ ಪದದಲ್ಲಿ ಮುಗಿಯುತ್ತದೆ: ನೈಟ್, ಸೈಟ್, ರೈಟ್. ರಾತ್ರಿ, ದೃಷ್ಟಿ, ಸರಿ. ಮೂರೇ ಪದಗಳಲ್ಲಿ ಇಡೀ ಕಥೆ ಇದೆ. ಹಾಡುವವರು ಈ ಮೂರು ಪದಗಳನ್ನು ನುಂಗಬಾರದು.

ಚಿತ್ರಗಳೆಲ್ಲ ಬೈಬಲ್ಲಿನವು. ಕುರುಡನಿಗೆ ಕಣ್ಣು ಬಂದದ್ದು ಯೋಹಾನನ ಸುವಾರ್ತೆಯ 9ನೇ ಅಧ್ಯಾಯ. ಇಕ್ಕಟ್ಟಾದ ಬಾಗಿಲು ಮತ್ತಾಯನ 7ನೇ ಅಧ್ಯಾಯ. ಪಲ್ಲವಿಯ ‘ಇನ್ನು ರಾತ್ರಿಯಿಲ್ಲ’ ಎಂಬ ಮಾತಿನ ಹಿಂದೆ ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಕೊನೆಯ ಅಧ್ಯಾಯವಿದೆ. 1940ರ ದಶಕದಲ್ಲಿ ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಈ ಚಿತ್ರಗಳನ್ನು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಹ್ಯಾಂಕ್ ಹುಟ್ಟಿದ್ದು 1923ರಲ್ಲಿ ಅಲ್ಲಿನ ಮೌಂಟ್ ಆಲಿವ್ ಎಂಬ ಹಳ್ಳಿಯಲ್ಲಿ, ತಾಯಿ ಲಿಲ್ಲಿ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು. ಹಾಡಿನ ಧಾಟಿ ಆಲ್ಬರ್ಟ್ ಬ್ರಮ್ಲಿ ಅವರ 1939ರ ‘ಹಿ ಸೆಟ್ ಮಿ ಫ್ರೀ’ ಎಂಬ ಭಕ್ತಿಗೀತೆಗೆ ತೀರ ಹತ್ತಿರ. ಎರಡನ್ನೂ ಒಂದರ ಮೇಲೊಂದು ಕೇಳಿದರೆ ಅಕ್ಕತಂಗಿಯರೆಂದು ಗೊತ್ತಾಗುತ್ತದೆ. ಹಳೆಯ ಮಟ್ಟಿಗೆ ಹೊಸ ಮಾತು ಕೂಡಿಸುವುದು ಅಲ್ಲಿಯೂ ರೂಢಿ, ನಮ್ಮಲ್ಲಿಯೂ ರೂಢಿ. ಅದನ್ನು ಕಳ್ಳತನ ಎನ್ನುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ.

ಈಗ ಕಾರ್ಡು. ಒಂದು ಕಾಗದದ ಮೇಲೆ 16 ಚೌಕ ಬರೆಯಿರಿ, ಸಾಲಿಗೆ 4ರಂತೆ. ಪ್ರತಿ ಚೌಕ ನಾಲ್ಕು ಎಣಿಕೆಯ ಒಂದು ಬಾರ್. ಸಾಮಾನ್ಯವಾಗಿ ನುಡಿಸುವ ರೀತಿ ಹೀಗೆ:

ಜಿ – ಜಿ – ಜಿ – ಜಿ
ಸಿ – ಸಿ – ಜಿ – ಜಿ
ಜಿ – ಜಿ – ಜಿ – ಜಿ
ಜಿ – ಡಿ7 – ಜಿ – ಜಿ

ಎಣಿಸಿ ನೋಡಿ. 16 ಬಾರುಗಳಲ್ಲಿ 13 ಜಿ, 2 ಸಿ, ಒಂದೇ ಒಂದು ಡಿ7. ಜಿಯನ್ನು ಷಡ್ಜವೆಂದುಕೊಂಡರೆ ಮಧ್ಯಮಕ್ಕೆ ಎರಡು ಬಾರ್, ಪಂಚಮಕ್ಕೆ ಒಂದು. ಆ ಒಂದು ಡಿ7 ಬೀಳುವುದು ಕೊನೆಯ ಸಾಲಿನ ‘ಸಾ’ ಎಂಬ ಪದದ ಮೇಲೆ, ಅಂದರೆ ‘ಕಂಡೆ’ ಎಂಬಲ್ಲಿ. ಮುಂದಿನ ಬಾರಿನ ಮೊದಲ ಎಣಿಕೆಗೆ ‘ಲೈಟ್’ ಬರುತ್ತದೆ, ಕಾರ್ಡು ಮನೆಗೆ, ಅಂದರೆ ಜಿಗೆ, ಮರಳುತ್ತದೆ. ಇಡೀ ಸುತ್ತಿನಲ್ಲಿ ನಿಜವಾದ ಎಳೆತವಿರುವುದು ಅದೊಂದೇ ಬಾರಿನಲ್ಲಿ. ಆರು ಸುತ್ತಿಗೆ ಆರು ಸಲ ಮಾತ್ರ ಕೇಳಿಸುತ್ತದೆ, ಅದಕ್ಕೇ ಅಷ್ಟು ಬೆಲೆ.

ಕಲಿತ ಗಿಟಾರ್ ವಾದಕರಿಗೆ ಇಲ್ಲಿ ಕೈ ತುರಿಸುತ್ತದೆ. 13 ಬಾರ್ ಜಿ ಹಿಡಿದು ಕೂರುವುದು ಬೇಜಾರು. ಮೂರನೇ ಸಾಲಿನಲ್ಲಿ ಒಂದು ಇ ಮೈನರ್, ಎರಡನೇ ಸಾಲಿನ ಕೊನೆಗೊಂದು ಡಿ7 ತುರುಕುತ್ತಾರೆ. ಕೇಳಲು ‘ತುಂಬಿದಂತೆ’ ಇರುತ್ತದೆ, ಆದರೆ ಕೊನೆಯ ಸಾಲಿನ ಡಿ7 ಬರುವ ಹೊತ್ತಿಗೆ ಕಿವಿ ಆಗಲೇ ಅದನ್ನು ಉಂಡು ಕೈ ತೊಳೆದಿರುತ್ತದೆ. ನಿಮ್ಮ ತಂಡದಲ್ಲಿ ಯಾರಾದರೂ ಹೀಗೆ ಸೇರಿಸಿದ್ದರೆ ಇವತ್ತೇ ತೆಗೆಸಿ. ಬೇಜಾರಾದ ಕೈಗೆ ಬೇರೆ ಕೆಲಸವಿದೆ, ಅದು ಬೇಸ್ ತಂತಿಗಳಲ್ಲಿ.

ಕಂಟ್ರಿ ಸಂಗೀತದ ಗಿಟಾರ್ ಹೊಡೆತಕ್ಕೆ ವಾದಕರು ‘ಬೂಮ್-ಚಿಕ್’ ಎನ್ನುತ್ತಾರೆ. ಒಂದನೇ ಎಣಿಕೆಗೆ ಒಂದೇ ದಪ್ಪ ತಂತಿ, ಎರಡನೆಯದಕ್ಕೆ ತೆಳು ತಂತಿಗಳ ಮೇಲೊಂದು ಚಿಕ್ಕ ಉಜ್ಜು, ಮೂರಕ್ಕೆ ಇನ್ನೊಂದು ದಪ್ಪ ತಂತಿ, ನಾಲ್ಕಕ್ಕೆ ಮತ್ತೆ ಉಜ್ಜು. ಜಿ ಕಾರ್ಡಿಗೆ 6ನೇ ತಂತಿಯ 3ನೇ ಫ್ರೆಟ್ (ಗಿಟಾರ್ ಕುತ್ತಿಗೆಯ ಮೇಲಿನ ಮನೆ), ಆಮೇಲೆ ಬಿಟ್ಟ, ಅಂದರೆ ಬೆರಳೊತ್ತದ, 4ನೇ ತಂತಿ. ಸಿ ಕಾರ್ಡಿಗೆ 5ನೇ ತಂತಿಯ 3ನೇ ಫ್ರೆಟ್, ಆಮೇಲೆ 4ನೇ ತಂತಿಯ 2ನೇ ಫ್ರೆಟ್. ಡಿ7ಗೆ ಬಿಟ್ಟ 4ನೇ ತಂತಿ, ಆಮೇಲೆ ಬಿಟ್ಟ 5ನೇ ತಂತಿ. ಆರೂ ತಂತಿಗಳನ್ನು ನಾಲ್ಕೂ ಎಣಿಕೆಗೆ ಬಾರಿಸಿದರೆ ಹಾಡಿನ ನಡೆ ಸತ್ತುಹೋಗುತ್ತದೆ. ‘ಚಿಕ್’ ಆದ ತಕ್ಷಣ ಎಡಗೈ ಹಿಡಿತವನ್ನು ಸ್ವಲ್ಪ ಸಡಿಲಿಸಿದರೆ ಸದ್ದು ಕಡಿದುಹೋಗುತ್ತದೆ. ಡ್ರಮ್ ಮಾಡಬೇಕಾದ ಕೆಲಸವನ್ನು ಆ ಕಡಿತವೇ ಮಾಡುತ್ತದೆ. ಹ್ಯಾಂಕ್ ಅವರ ಧ್ವನಿಮುದ್ರಣದಲ್ಲಿ ಡ್ರಮ್ ಇಲ್ಲ. ಗಿಟಾರ್, ಫಿಡಲ್, ಸ್ಟೀಲ್ ಗಿಟಾರ್, ನಿಲ್ಲಿಸಿ ನುಡಿಸುವ ದೊಡ್ಡ ಬೇಸ್, ಅಷ್ಟೇ.

ಜಿಯಿಂದ ಸಿಗೆ ಹೋಗುವಾಗ ಬೇಸ್ ತಂತಿಯಲ್ಲಿ ನಾಲ್ಕು ಮೆಟ್ಟಿಲು ನಡೆಯಬಹುದು. 6ನೇ ತಂತಿಯ 3ನೇ ಫ್ರೆಟ್, ಬಿಟ್ಟ 5ನೇ ತಂತಿ, ಅದರದೇ 2ನೇ ಫ್ರೆಟ್, ಅಲ್ಲಿಂದ 3ನೇ ಫ್ರೆಟ್. ನಾಲ್ಕನೆಯದು ಸಿ ಬಾರಿನ ಮೊದಲ ಎಣಿಕೆಗೆ ಸರಿಯಾಗಿ ಬಿದ್ದರೆ ಕೇಳುವವರಿಗೆ ಯಾರೋ ಬಾಗಿಲು ತೆರೆದಂತಾಗುತ್ತದೆ. ಒಬ್ಬ ಗಿಟಾರ್ ವಾದಕರು ಮಾತ್ರ ಈ ನಡೆ ನುಡಿಸಲಿ. ಇಬ್ಬರೂ ನುಡಿಸಿದರೆ ಒಬ್ಬರು ಖಂಡಿತ ಅರ್ಧ ಎಣಿಕೆ ತಡವಾಗುತ್ತಾರೆ. ಇನ್ನೊಬ್ಬರು ಕ್ಯಾಪೊ (ತಂತಿಗಳನ್ನೆಲ್ಲ ಒಂದು ಫ್ರೆಟ್ಟಿನಲ್ಲಿ ಒತ್ತಿಹಿಡಿಯುವ ಕ್ಲಿಪ್) ಹಾಕಿ ಮೇಲಿನ ಫ್ರೆಟ್‌ಗಳಲ್ಲಿ ಬೇರೆ ಹಿಡಿತದಿಂದ ‘ಚಿಕ್’ ಮಾತ್ರ ಕೊಡಲಿ: 5ನೇ ಫ್ರೆಟ್ಟಿಗೆ ಕ್ಯಾಪೊ ಹಾಕಿ ಡಿ, ಜಿ, ಎ7 ಆಕಾರಗಳನ್ನು ಹಿಡಿದರೆ ಹೊರಗೆ ಕೇಳಿಸುವುದು ಜಿ, ಸಿ, ಡಿ7.

ವೇಗ. ಮೆಟ್ರೊನೋಮ್ ಆಪ್‌ನಲ್ಲಿ 96 ಇಟ್ಟು, ಪ್ರತಿ ತಟ್ಟಿಗೆ ಒಂದು ‘ಬೂಮ್’ ಹಾಕಿ. ಬಾರಿಗೆ ಎರಡು ಬೂಮ್, ಸುತ್ತಿಗೆ 32, ಅಂದರೆ ಒಂದು ಸುತ್ತು ಸರಿಯಾಗಿ 20 ಸೆಕೆಂಡ್. ಮೂರು ಚರಣ, ಮೂರು ಪಲ್ಲವಿ ಸೇರಿ 2 ನಿಮಿಷ. ನಡುವೆ ಒಂದು ಸುತ್ತು ವಾದ್ಯ ಸೇರಿದರೆ 2 ನಿಮಿಷ 20 ಸೆಕೆಂಡ್. ನಿಮ್ಮ ರೆಕಾರ್ಡಿಂಗಿನಲ್ಲಿ ಮೊದಲ ಸುತ್ತು 20, ಕೊನೆಯದು 16 ಸೆಕೆಂಡ್ ಇದ್ದರೆ ಓಡುತ್ತಿದ್ದೀರಿ ಎಂದರ್ಥ, ಮತ್ತು ಆ ಓಟ ಯಾವಾಗಲೂ ಪಲ್ಲವಿಯಲ್ಲೇ ಶುರುವಾಗುತ್ತದೆ. ಖುಷಿಯ ಮಾತು ಬಂದೊಡನೆ ಕೈ ಓಡುತ್ತದೆ. 84ಕ್ಕಿಂತ ಕೆಳಗೆ ಇಳಿಸಿದರೆ ಗಾಡಿ ಏರಿ ಹತ್ತುವಂತೆ ಏದುತ್ತದೆ.

ಶ್ರುತಿ ಜಿಯಲ್ಲೇ, ಅಂದರೆ ಐದು ಮನೆಯಲ್ಲೇ ಇರಬೇಕೆಂದೇನೂ ಇಲ್ಲ. ಚರಣ ಹಾಡುವವರ ಕೊರಳೇ ಅಳತೆ. ಪಲ್ಲವಿಯ ಅತಿ ಎತ್ತರದ ಜಾಗವನ್ನು ಮೂರು ಸಲ ಹಾಡಿಸಿ ನೋಡಿ, ಮೂರನೇ ಸಲವೂ ಗಂಟಲು ಬಿಗಿಯದಿದ್ದರೆ ಅದೇ ಶ್ರುತಿ. ಜಿ ಆಕಾರಗಳಿಗೆ 2ನೇ ಫ್ರೆಟ್ಟಿನಲ್ಲಿ ಕ್ಯಾಪೊ ಹಾಕಿದರೆ ಎ, 5ರಲ್ಲಿ ಹಾಕಿದರೆ ಸಿ.

ಇನ್ನು ಜೊತೆಕೊರಳು. ತಂಬೂರಿಯ ಶ್ರುತಿಗೆ ಒಗ್ಗಿದ ಕಿವಿಗೆ ಹಾರ್ಮನಿ ಕಷ್ಟ ಎನ್ನುತ್ತಾರೆ. ಈ ಹಾಡಿನ ಮಟ್ಟಿಗೆ ಆ ಕಿವಿಯೇ ಲಾಭ. ಮೇಲಿನ ಕೊರಳಿನವರು ಪಂಚಮವನ್ನು ಹಿಡಿದುಕೊಳ್ಳಲಿ. ಜಿ ಬಾರುಗಳಲ್ಲೆಲ್ಲ ಪ, ಎರಡನೇ ಸಾಲಿನ ಎರಡು ಸಿ ಬಾರುಗಳಲ್ಲಿ ಮಾತ್ರ ದ, ಮತ್ತೆ ಪ. ಡಿ7 ಬಂದಾಗಲೂ ಪ ಸರಿಹೋಗುತ್ತದೆ, ಯಾಕೆಂದರೆ ಅದು ಆ ಕಾರ್ಡಿನ ತಾಯಿಸ್ವರ. ಕೆಳಗಿನ ಕೊರಳಿನವರು ಷಡ್ಜ ಹಿಡಿಯಲಿ. ಜಿ, ಸಿ ಎರಡಕ್ಕೂ ಸ ಹೊಂದುತ್ತದೆ, ಡಿ7ರ ಒಂದೇ ಬಾರಿಗೆ ಕೆಳಗಿನ ಕಾಕಲಿ ನಿಷಾದಕ್ಕೆ ಇಳಿದು ಮತ್ತೆ ಸ. ಇಷ್ಟೇ. ಮೇಲಿನವರು ಸುತ್ತಿಗೆ ಒಮ್ಮೆ ಏಳುತ್ತಾರೆ, ಕೆಳಗಿನವರು ಒಮ್ಮೆ ಇಳಿಯುತ್ತಾರೆ. ಸಾಮಾನ್ಯವಾಗಿ ತಪ್ಪುವುದು ಮೇಲಿನವರು: ಸಿ ಬಾರಿನಲ್ಲೂ ಪ ಬಿಡದೆ ಹಿಡಿದು ಕೂತರೆ ಕಾರ್ಡಿನ ಜೊತೆ ತಿಕ್ಕಾಡುತ್ತದೆ, ಹಾಡುವವರಿಗೆ ತಾವೇ ಅಪಸ್ವರವೆಂದು ಗೊತ್ತಾಗುವುದಿಲ್ಲ, ಗಿಟಾರ್ ಶ್ರುತಿ ತಪ್ಪಿದೆ ಎನ್ನುತ್ತಾರೆ. ಎರಡನೇ ಸಾಲನ್ನು ಮಾತ್ರ ಹತ್ತು ಸಲ ಹಾಡಿಸಿ. ಇದು ಕೂತ ಮೇಲೆ, ಬೇಕಿದ್ದವರು ಸಾಲಿನ ಜೊತೆ ಏರಿಳಿಯುವ ಪೂರ್ತಿ ಹಾರ್ಮನಿಗೆ ಕೈಹಾಕಬಹುದು. ಬೇಕೇಬೇಕೆಂದೇನಿಲ್ಲ.

ಕೀಬೋರ್ಡಿನ ‘ಕಂಟ್ರಿ’ ಎಂಬ ತಯಾರಿ ಲಯವನ್ನು ದಯವಿಟ್ಟು ನಿಲ್ಲಿಸಿಬಿಡಿ. ಅದರಲ್ಲಿ ಡ್ರಮ್ಮೂ ಇರುತ್ತದೆ, ಬೇಸೂ ಇರುತ್ತದೆ, ಎರಡೂ ನಿಮ್ಮ ಬೂಮ್-ಚಿಕ್‌ಗೆ ಅಡ್ಡ ಬರುತ್ತವೆ. ಕೀಬೋರ್ಡಿನವರು ಹಾರ್ಮೋನಿಯಂ ಅಥವಾ ಪಂಪ್ ಆರ್ಗನ್ ಸದ್ದಿನಲ್ಲಿ ಸ-ಪ ಎರಡೇ ಸ್ವರ ಒತ್ತಿ, ಪಲ್ಲವಿಗಳಲ್ಲಿ ಮಾತ್ರ ಬರಲಿ. ಸಿ ಬಾರಿಗೆ ಪ ಬಿಟ್ಟು ದ, ಡಿ7 ಬಾರಿಗೆ ಸ ಬಿಟ್ಟು ನಿ. ಢೋಲಕ್ ಕಹರವಾ ತಾಳ ಹಿಡಿದರೆ ಹಾಡು ಭಜನೆಯ ಕಡೆ ವಾಲುತ್ತದೆ. ಅದು ಪಾಪವೇನಲ್ಲ, ಆದರೆ ನೀವು ಕೇಳಿದ ಕಸುವು ಅಲ್ಲಿಲ್ಲ. ಬಿಡಲು ಮನಸ್ಸಿಲ್ಲದಿದ್ದರೆ ಬಲಗಡೆಯ ಚಿಕ್ಕ ಮುಖದಲ್ಲಿ ಎರಡು, ನಾಲ್ಕನೇ ಎಣಿಕೆಗೆ ಒಂದೊಂದು ಒಣ ಪೆಟ್ಟು, ಅಷ್ಟರಲ್ಲಿ ತೃಪ್ತರಾಗಲಿ.

ಏಳು ಜನರ ಹಂಚಿಕೆ ಹೀಗಿರಲಿ. ಒಂದನೇ ಚರಣ ಒಬ್ಬರು, ಒಂದು ಗಿಟಾರ್ ಮಾತ್ರ. ಮೊದಲ ಪಲ್ಲವಿಗೆ ಇನ್ನೊಂದೇ ಕೊರಳು ಸೇರಲಿ, ಮೇಲಿನ ಪಂಚಮ. ಎರಡನೇ ಚರಣ ಬೇರೊಬ್ಬರು, ಎರಡನೇ ಗಿಟಾರ್ ಸೇರಲಿ. ಎರಡನೇ ಪಲ್ಲವಿಗೆ ನಾಲ್ವರು. ಆಮೇಲೆ ವಾದ್ಯದ ಒಂದು ಸುತ್ತು. ಮೂರನೇ ಚರಣಕ್ಕೆ ಮೊದಲು ಹಾಡಿದವರೇ ಮರಳಲಿ, ಬೂಮ್ ತಂತಿ ಮಾತ್ರ, ಚಿಕ್ ಇಲ್ಲ. ಕೊನೆಯ ಪಲ್ಲವಿಗೆ ಏಳೂ ಜನ. ಒಂದೇ ಮೈಕ್ ಇದ್ದರೆ ಇನ್ನೂ ಒಳ್ಳೆಯದು: ಚರಣದವರು ಒಂದು ಅಡಿ ದೂರದಲ್ಲಿ, ಉಳಿದವರು ಮೂರು ಅಡಿ ಹಿಂದೆ ಅರ್ಧವೃತ್ತದಲ್ಲಿ. ಪಲ್ಲವಿ ಬಂದಾಗ ಒಂದು ಹೆಜ್ಜೆ ಮುಂದೆ ಬರುವುದು, ಮುಗಿದಾಗ ಹಿಂದೆ ಸರಿಯುವುದು. ಸದ್ದಿನ ಏರಿಳಿತ ಹೆಜ್ಜೆಯಲ್ಲೇ ಆಗುತ್ತದೆ, ಮಿಕ್ಸರ್ ಮುಟ್ಟಬೇಕಿಲ್ಲ.

ಒಂಟಿ ಕೊರಳು, ಆಮೇಲೆ ಗುಂಪು ಎಂಬ ಈ ಒತ್ತಾಯ ನನ್ನ ಖಯಾಲಿಯೆಂದು ತಿಳಿಯಬೇಡಿ. ಹಾಡಿನ ಚರಿತ್ರೆಯೂ ಹಾಗೆಯೇ ಇದೆ. ಹುಟ್ಟಿದ್ದು ಕಾರಿನ ಹಿಂದಿನ ಸೀಟಿನಲ್ಲಂತೆ: ಫೋರ್ಟ್ ಡಿಪಾಸಿಟ್ ಎಂಬಲ್ಲಿ ನೃತ್ಯಕೂಟಕ್ಕೆ ನುಡಿಸಿ ಮಾಂಟ್ಗಮರಿಗೆ ಮರಳುವಾಗ, ಕುಡಿದು ಮಲಗಿದ್ದ ಮಗನನ್ನು ಎಬ್ಬಿಸಲು ತಾಯಿ ‘ಡ್ಯಾನೆಲಿ ಫೀಲ್ಡಿನ ದೀಪ ಕಂಡಿತು’ ಎಂದರಂತೆ. ಅದು ಊರಿನ ವಿಮಾನ ನಿಲ್ದಾಣ, ಅಂದರೆ ಮನೆ ಹತ್ತಿರ ಬಂತು ಎಂದು. ಹ್ಯಾಂಕ್ ಇದನ್ನು ಮುದ್ರಿಸಿದ್ದು 1947ರ ಏಪ್ರಿಲ್ 21ರಂದು ನ್ಯಾಶ್‌ವಿಲ್‌ನಲ್ಲಿ, ಎಂಜಿಎಂ ಕಂಪನಿಗೆ ಅವರ ಮೊದಲ ಸೆಷನ್‌ನಲ್ಲಿ. ಡಿಸ್ಕ್ ಹೊರಬಂದದ್ದು 1948ರ ಸೆಪ್ಟೆಂಬರಿನಲ್ಲಿ, ಅಷ್ಟರೊಳಗೆ ಇನ್ನೊಬ್ಬ ಕಂಟ್ರಿ ಗಾಯಕ ರಾಯ್ ಏಕಫ್ ಕೂಡ ಹಾಡಿಯಾಗಿತ್ತು. ಬಂದಾಗ ದೊಡ್ಡ ಹಿಟ್ ಆಗಲಿಲ್ಲ.

ಮುಂದಿನ ನಾಲ್ಕು ವರ್ಷ ಹ್ಯಾಂಕ್ ಅವರಿಗೆ ಹೆಸರು, ಹಣ, ಬೆನ್ನುನೋವು, ಮದ್ಯ, ನೋವಿನ ಔಷಧ ಎಲ್ಲ ಒಟ್ಟಿಗೆ ಬಂದವು. 1952ರಲ್ಲಿ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ಕಂಟ್ರಿ ಸಂಗೀತದ ರೇಡಿಯೊ ಕಾರ್ಯಕ್ರಮ ಅವರನ್ನು ಕೈಬಿಟ್ಟಿತು. ಅದೇ ವರ್ಷದ ಒಂದು ಪ್ರವಾಸವನ್ನು ಹಾಸ್ಯ ಕಲಾವಿದೆ ಮಿನ್ನಿ ಪರ್ಲ್ ನೆನಪಿಸಿಕೊಂಡಿದ್ದಾರೆ: ಹ್ಯಾಂಕ್‌ರನ್ನು ಸಮಾಧಾನ ಮಾಡಲು ಕಾರಿನಲ್ಲಿ ಕೂರಿಸಿಕೊಂಡು ಇದೇ ಹಾಡು ಎತ್ತಿಕೊಂಡರೆ, ಅವರು ನಡುವೆ ನಿಲ್ಲಿಸಿ ಬೆಳಕು ಎಲ್ಲೂ ಇಲ್ಲ ಎಂದುಬಿಟ್ಟರಂತೆ. 1953ರ ಜನವರಿ 1ರಂದು, ಒಹಾಯೊದ ಕ್ಯಾಂಟನ್‌ನಲ್ಲಿ ಕಾರ್ಯಕ್ರಮಕ್ಕೆ ಹೋಗುವ ದಾರಿಯಲ್ಲಿ, ತಮ್ಮ ಕ್ಯಾಡಿಲಾಕ್ ಕಾರಿನ ಹಿಂದಿನ ಸೀಟಿನಲ್ಲೇ ತೀರಿಕೊಂಡರು. ವಯಸ್ಸು 29. ಕ್ಯಾಂಟನ್‌ನ ವೇದಿಕೆಯಲ್ಲಿ ಸುದ್ದಿ ಹೇಳಿದಾಗ ಸಭಿಕರು ಮೊದಲು ನಕ್ಕರಂತೆ, ಹ್ಯಾಂಕ್ ಬಾರದಿರುವುದಕ್ಕೆ ಇದು ಇನ್ನೊಂದು ಸಬೂಬು ಎಂದುಕೊಂಡು. ಹಾಕ್‌ಶಾ ಹಾಕಿನ್ಸ್ ಮತ್ತು ಉಳಿದ ಕಲಾವಿದರು ಈ ಹಾಡನ್ನು ಶುರುಮಾಡಿದ ಮೇಲೆ ನಿಜವೆಂದು ಗೊತ್ತಾಗಿ ಸಭೆಯೂ ದನಿಗೂಡಿಸಿತು. ಮೂರು ದಿನದ ನಂತರ ಮಾಂಟ್ಗಮರಿಯ ಅಂತ್ಯಸಂಸ್ಕಾರದಲ್ಲಿ ರಾಯ್ ಏಕಫ್ ಮುಂದಾಳಾಗಿ ಮತ್ತೆ ಇದನ್ನೇ ಹಾಡಿಸಿದರು. ಪಲ್ಲವಿ ಗುಂಪಿನದು ಎಂಬ ಮಾತು ಅಂದಿನಿಂದ ಯಾರೂ ಬದಲಿಸಲಾಗದಂತೆ ಕೂತುಬಿಟ್ಟಿತು.

ಭಾವದ ಪ್ರಶ್ನೆಗೆ ಬರೋಣ. ಇಂಥ ಹಾಡಿಗೆ ಅಮೆರಿಕದ ದಕ್ಷಿಣದ ಚರ್ಚುಗಳಲ್ಲಿ ಇರುವ ಸ್ಥಾನ ಪ್ರಾರ್ಥನೆಯದಲ್ಲ, ಸಾಕ್ಷಿಯದು. ಕನ್ನಡದ ಕ್ರೈಸ್ತರೂ ‘ಸಾಕ್ಷಿ ಹೇಳುವುದು’ ಎಂದೇ ಅನ್ನುತ್ತಾರೆ: ಸಭೆಯೆದುರು ನಿಂತು, ಹೀಗಿದ್ದೆ, ಹೀಗಾಯಿತು, ಈಗ ಹೀಗಿದ್ದೇನೆ ಎಂದು ಹೇಳುವುದು. ಸಾಕ್ಷಿ ಹೇಳುವವರು ಸಭೆಯನ್ನು ನೋಡಿ ಮಾತಾಡುತ್ತಾರೆ, ಕಣ್ಣು ಮುಚ್ಚಿ ಅಲ್ಲ. ಆದ್ದರಿಂದ ಚರಣವನ್ನು ಮಾತಿನ ಹತ್ತಿರ ಇಟ್ಟು, ಎದುರಿಗಿರುವ ಒಬ್ಬರಿಗೆ ಹೇಳುವಂತೆ ಹಾಡಿ. ಗಮಕ ಬೇಡ, ನಡುಕ ಬೇಡ. ಹ್ಯಾಂಕ್‌ರ ಕೊರಳಿನಲ್ಲಿ ಅಲ್ಲಲ್ಲಿ ದನಿ ಒಡೆದಂತೆ ಕೇಳಿಸುತ್ತದಲ್ಲ, ಅದನ್ನು ಅನುಕರಿಸಲು ಹೋದರೆ ನಗೆಪಾಟಲು. ಅಲಬಾಮಾದ ಉಚ್ಚಾರಣೆಯೂ ಬೇಡ.

ಕ್ರೈಸ್ತರಲ್ಲದವರಿಗೆ ಒಂದು ಪದದ ಅರ್ಥ ಹಿಡಿದುಕೊಂಡರೆ ಸಾಕು. ಇಲ್ಲಿಯ ವಿಮೋಚನೆ ನಮ್ಮ ಮೋಕ್ಷದಂತೆ ಹುಟ್ಟುಸಾವಿನ ಚಕ್ರದಿಂದ ಹೊರಬರುವುದಲ್ಲ. ಅಡವಿಟ್ಟ ಒಡವೆ ಬಿಡಿಸಿಕೊಳ್ಳುತ್ತೇವಲ್ಲ, ಹಾಗೆ ಬಿಡಿಸಿಕೊಳ್ಳುವುದು ಎಂಬುದೇ ಅದರ ಮೂಲಾರ್ಥ. ವಸ್ತು ಹಳೆಯದೇ, ಮಾಲೀಕನೂ ಹಳೆಯವನೇ, ಹಣ ಕಟ್ಟಿದವನು ಮಾತ್ರ ಬೇರೆ. ಹಾಗಾಗಿ ಹಾಡುವ ‘ನಾನು’ ದೊಡ್ಡ ಸಾಧನೆ ಮಾಡಿದವನ ಧಾಟಿಯಲ್ಲಿ ಹಾಡುವಂತಿಲ್ಲ. ಅವನು ಮಾಡಿದ್ದೆಲ್ಲ ಅಲೆದದ್ದು, ಕಂಡದ್ದು. ಪಲ್ಲವಿಯಲ್ಲಿ ಎದೆಯುಬ್ಬಿಸುವ ಬದಲು ನಿರಾಳವಾದ ಸದ್ದು ಬರಲಿ.

ಕನ್ನಡಕ್ಕೆ ತರಬಹುದು, ಎರಡು ಎಚ್ಚರಿಕೆಯೊಂದಿಗೆ. ಒಂದು, ಎಡುಪು, ಅಂದರೆ ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ. ಇಂಗ್ಲಿಷಿನ ‘ಐ’ ತಟ್ಟಿಗೆ ಮುಂಚೆ ಬರುತ್ತದೆ, ನಮ್ಮ ಲೆಕ್ಕದಲ್ಲಿ ಅತೀತ ಎಡುಪು. ತಟ್ಟು ಬೀಳುವುದು ‘ಸಾ’ ಮೇಲೆ, ‘ಲೈಟ್’ ಮೇಲೆ. ಅದೇ ಜಾಗದಲ್ಲಿ ‘ಬೆಳಕ ಕಂಡೆ’ ಇಟ್ಟರೆ ‘ಬೆ’ ಮುಂಚೆ ಹೋಗಿ ತಟ್ಟು ‘ಳ’ ಮೇಲೆ ಬೀಳುತ್ತದೆ, ‘ಬೆಳಾಕ’ ಎಂದು ಕೇಳಿಸುತ್ತದೆ. ಕನ್ನಡದ ಪದಕ್ಕೆ ಮೊದಲ ಅಕ್ಷರದಲ್ಲೇ ಕಾಲೂರಬೇಕು. ಆದ್ದರಿಂದ ಮುಂಚಿನ ಸ್ವರವನ್ನು ಬಿಟ್ಟು ಸಮ ಎಡುಪಿನಲ್ಲಿ, ‘ಸಾ’ ಇರುವ ತಟ್ಟಿಗೇ ‘ಬೆ’ ಹಾಕಿ. ‘ಕಂಡೆ’ಯಲ್ಲಿ ‘ಕಂ’ ಮೇಲೆ ನಿಂತರೆ ಮೂಗಿನ ಗುಂಯ್ ಸದ್ದಾಗುತ್ತದೆ, ಬೇಗ ‘ಡೇ’ಗೆ ಹೋಗಿ ಅಲ್ಲಿ ಎಳೆಯಿರಿ.

ಎರಡನೆಯದು ಇನ್ನೂ ಸ್ವಾರಸ್ಯದ್ದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹಾಗಾಗಿ ಆ ಒಂದೇ ಡಿ7 ಬಾರಿನಲ್ಲಿ ‘ಬೆಳಕ’ ಬಂದು, ಮನೆಗೆ ಮರಳುವ ಜಿ ಮೇಲೆ ‘ಕಂಡೆ’ ಬರುತ್ತದೆ. ಇಂಗ್ಲಿಷಿನಲ್ಲಿ ನೋಟ ಎಳೆತ, ಬೆಳಕು ಬಿಡುಗಡೆ. ಕನ್ನಡದಲ್ಲಿ ಬೆಳಕು ಎಳೆತ, ಕಂಡದ್ದು ಬಿಡುಗಡೆ. ‘ಕಂಡೆ ಬೆಳಕ’ ಎಂದು ತಿರುಗಿಸಿ ಮೂಲಕ್ಕೆ ನಿಷ್ಠರಾಗಬಹುದು, ಆದರೆ ‘ಳಕ’ ಎಂಬ ಎರಡು ಲಘುಗಳ ಮೇಲೆ ದೀರ್ಘವಾಗಿ ನಿಲ್ಲಲಾಗದು. ನನ್ನ ಓಟು ‘ಬೆಳಕ ಕಂಡೆ’ಗೆ. ಪ್ರಾಸಕ್ಕೂ ಅನುಕೂಲ. ಮೂರನೇ ಚರಣದ, ತಪ್ಪು ಕೊಟ್ಟು ಸರಿ ಪಡೆದ ಸಾಲನ್ನು ‘ತಪ್ಪು ಕೊಟ್ಟು ಒಪ್ಪು ಕೊಂಡೆ’ ಎಂದರೆ ಕೊಳ್ಳುವ ಅರ್ಥವೂ ಉಳಿಯುತ್ತದೆ, ‘ಕಂಡೆ’ಗೆ ‘ಕೊಂಡೆ’ ಪ್ರಾಸವೂ ಸಿಗುತ್ತದೆ. ಕನ್ನಡದ್ದು ಮೂರನೇ ಚರಣ ಮಾತ್ರವಿರಲಿ, ಪಲ್ಲವಿಯನ್ನು ಕೊನೆಯ ಸಲ ಎರಡೂ ಭಾಷೆಯಲ್ಲಿ ಒಂದೊಂದು ಸುತ್ತು ಹಾಡಿ.

ಕೂಟದ ವಿಡಿಯೊ ಅಪ್‌ಲೋಡ್ ಮಾಡುವ ಯೋಚನೆಯಿದ್ದರೆ ತಿಳಿದಿರಿ: ಭಾರತದ ಕಾಯ್ದೆಯಲ್ಲಿ ಕರ್ತೃ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು, ಆ ಲೆಕ್ಕದಲ್ಲಿ 2013ಕ್ಕೆ ಮುಗಿಯಿತು. ಅಮೆರಿಕದಲ್ಲಿ ಆ ಕಾಲದ ಕೃತಿಗಳಿಗೆ ಪ್ರಕಟಣೆಯಿಂದ 95 ವರ್ಷ, ಅಂದರೆ ಅಲ್ಲಿ ಹಕ್ಕು ಇನ್ನೂ ನಡೆಯುತ್ತಿದೆ. ಮನೆಯಲ್ಲಿ ಹಾಡಲು ಅಡ್ಡಿಯಿಲ್ಲ, ಯೂಟ್ಯೂಬಿನಲ್ಲಿ ಹಕ್ಕುದಾರರ ಕ್ಲೇಮ್ ಬಂದರೆ ಗಾಬರಿಯಾಗಬೇಡಿ.

ಅಭ್ಯಾಸಕ್ಕೆ ಕೂತಾಗ ಮೊದಲು ಕೊನೆಯ ನಾಲ್ಕು ಬಾರುಗಳನ್ನೇ ಹಿಡಿಯಿರಿ. ಡಿ7 ಬಾರಿಗೆ ಕೆಳಗಿನ ಕೊರಳು ನಿಷಾದಕ್ಕೆ ಇಳಿದದ್ದು, ಮುಂದಿನ ಬಾರಿಗೆ ಎಲ್ಲರೂ ಒಟ್ಟಿಗೆ ಮನೆ ಸೇರಿದ್ದು ಕಿವಿಗೆ ಸ್ಪಷ್ಟವಾಗುವವರೆಗೆ ಬೇರೇನೂ ಬೇಡ. ಕಾರ್ಯಕ್ರಮದ ದಿನ ಕೊನೆಯ ಸಾಲನ್ನು ಇನ್ನೊಮ್ಮೆ ಹಾಡಿ ಮುಗಿಸಿ, ವೇಗ ಇಳಿಸದೆ. ಕೊನೆಯ ಜಿ ಕಾರ್ಡನ್ನು ಎಳೆಯಬೇಡಿ, ಹದಿನಾರನೇ ಬಾರಿನ ಮೂರನೇ ಎಣಿಕೆಗೆ ಗಿಟಾರ್‌ಗಳೆರಡೂ ತಂತಿಗಳ ಮೇಲೆ ಅಂಗೈಯಿಟ್ಟು ನಿಲ್ಲಲಿ, ಕೊರಳುಗಳೂ ಅಲ್ಲೇ ನಿಲ್ಲಲಿ.